ದುಡ್ಡೂ ಕೊಡಲ್ಲ, ಲಾಠಿನೂ ಕೊಡಲ್ಲ, ಮತ್ಯಾಕೆ ಹೋಗ್ತೀಯ?

ನಾನಿರೋದು ಕೆನಡಾದ ವ್ಯಾಂಕೂವರ್‌ನಲ್ಲಿ. ನಮ್ಮ ಏರಿಯಾದ ಕಮ್ಯುನಿಟಿ ಪೊಲೀಸಿಂಗ್ ಸೆಂಟರ್‌ಗೆ ವಾಲಂಟಿಯರ್ ಆಗಿ ಹೋಗ್ತೀನಿ ಅಂದ ತಕ್ಷಣ ಊರಿಂದ ಫೋನ್ ಮಾಡೋರೂ, ಇಲ್ಲಿ ರಾಜ್ಯೋತ್ಸವದ ಊಟದಲ್ಲಿ ಪಕ್ಕ ಕೂರೋರೂ ಕೇಳೋದು ಒಂದೇ, ಎಷ್ಟು ಕೊಡ್ತಾರೆ? ಏನೂ ಇಲ್ಲ ಅಂದ್ರೆ, ಮತ್ತೆ ಪೊಲೀಸರ ಕೆಲಸ ನೀನ್ಯಾಕೆ ಪುಕ್ಕಟೆ ಮಾಡ್ತೀಯ ಮಾರಾಯ ಅಂತಾರೆ.

ಪೊಲೀಸರ ಕೆಲಸ ನಾವು ಮಾಡೋದೇ ಇಲ್ಲ, ಅದೇ ನನ್ನ ಉತ್ತರ. ಸೆಂಟರ್ ಅಂದ್ರೆ ಸ್ಟೇಷನ್ ಅಲ್ಲ, ರಸ್ತೆ ಬದಿ ಅಂಗಡಿ ಥರ ಒಂದು ಆಫೀಸು. ಇಂಥವು ಈ ಸಿಟಿಯಲ್ಲಿ ಸುಮಾರು ಹತ್ತಿವೆ, ನಡೆಸೋದು ಲಾಭಕ್ಕಲ್ಲದ ಸೊಸೈಟಿಗಳು, ಪೊಲೀಸ್ ಇಲಾಖೆಯಿಂದ ಆ ಏರಿಯಾಗೆ ಅಂತ ಒಬ್ಬ ಆಫೀಸರ್ ಇರ್ತಾರೆ. ನಮಗೆ ಟ್ರೇನಿಂಗ್‌ನಲ್ಲಿ ಹೇಳೋದು ಇಷ್ಟೇ, ನೋಡು, ಬರ್ಕೊ, ತಿಳಿಸು, ಕೈ ಹಾಕಬೇಡ. ಕಳ್ಳ ಎದುರಿಗೆ ಓಡಿದ್ರೂ ಹಿಂದೆ ಓಡಂಗಿಲ್ಲ, ಇಲ್ಲಿನ ಎಮರ್ಜೆನ್ಸಿ ನಂಬರ್ 911ಕ್ಕೆ ಫೋನ್ ಮಾಡಿ ಯಾವ ಕಡೆ ಹೋದ, ಯಾವ ಬಣ್ಣದ ಜಾಕೆಟ್ ಅಂತ ಹೇಳ್ಬೇಕು ಅಷ್ಟೇ. ಇದನ್ನ ಕೇಳಿದ್ರೆ ನಮ್ಮ ಭಾವನಿಗೆ ಭಾರೀ ನಿರಾಸೆ.

ಕೆಲಸ ನಿಜಕ್ಕೂ ಸಪ್ಪೆ. ಇಬ್ಬರೋ ಮೂವರೋ ಸೇರಿ ಬೀದಿ ಸುತ್ತೋದು, ಗೋಡೆ ಮೇಲೆ ಗೀಚಿದ್ದು, ಉರೀದೇ ಇರೋ ಬೀದಿ ದೀಪ ಕಂಡ್ರೆ ಸಿಟಿಯವರ ದೂರಿನ ನಂಬರ್ 311ಕ್ಕೆ ಹೇಳೋದು, ನಿಲ್ಲಿಸಿದ ಕಾರುಗಳೊಳಗೆ ಇಣುಕಿ ಸೀಟ್ ಮೇಲೆ ಲ್ಯಾಪ್‌ಟಾಪ್ ಬ್ಯಾಗೋ ಚಿಲ್ಲರೆನೋ ಕಾಣ್ತಿದ್ರೆ ಕಳ್ಳರ ಕಣ್ಣಿಗೆ ಬೀಳುತ್ತೆ, ಎತ್ತಿಡಿ ಅಂತ ಗ್ಲಾಸಿಗೆ ಒಂದು ಚೀಟಿ ಸಿಗಿಸೋದು. ಸ್ಕೂಲ್ ಹತ್ರ ಸ್ಪೀಡ್ ತೋರಿಸೋ ಬೋರ್ಡ್ ಇಟ್ಕೊಂಡು ನಿಂತ್ಕೊಳ್ಳೋದೂ ಇದೆ, ಫೈನ್ ಹಾಕೋ ಅಧಿಕಾರ ಇಲ್ಲ, ಆದ್ರೂ ಬೋರ್ಡಲ್ಲಿ ತನ್ನ ಸ್ಪೀಡ್ ಕಂಡ ಕೂಡಲೇ ಬ್ರೇಕ್ ಒತ್ತೋರು ಬೇಕಾದಷ್ಟು ಜನ. ಇಲ್ಲಿ ಸೈಕಲ್ ಕಳ್ಳತನ ದೊಡ್ಡ ಪಿಡುಗು, ಅದಕ್ಕೆ 2015ರಲ್ಲಿ ಪೊಲೀಸರು ಪ್ರಾಜೆಕ್ಟ್ 529 ಅನ್ನೋ ಸೈಕಲ್ ನೋಂದಣಿ ವ್ಯವಸ್ಥೆಯನ್ನ ಇಲ್ಲಿಗೆ ತಂದ್ರು, ಸೈಕಲ್ ಫೋಟೋ, ಸೀರಿಯಲ್ ನಂಬರ್ ಆ್ಯಪ್‌ಗೆ ಹಾಕಿ ಸ್ಟಿಕರ್ ಅಂಟಿಸೋದು, ಯಾಕಂದ್ರೆ ಕದ್ದ ಸೈಕಲ್ ಸಿಕ್ಕಿದ್ರೂ ಯಾರದು ಅಂತ ಗೊತ್ತಾಗದೆ ಇದ್ರೆ ಯಾರಿಗೆ ವಾಪಸ್ ಕೊಡ್ತಾರೆ?

ನನ್ನನ್ನ ಹಿಡಿದಿಟ್ಟಿರೋದು ಮಾತ್ರ ಇದ್ಯಾವುದೂ ಅಲ್ಲ, ಆಫೀಸಿನ ಕೌಂಟರ್. ವಯಸ್ಸಾದೋರು ಬರ್ತಾರೆ, ಮೊದಲು ಬೇರೆ ಏನೋ ಕೇಳ್ತಾರೆ, ಬಸ್ಸೋ, ಫಾರ್ಮೋ. ಆಮೇಲೆ ಮೆಲ್ಲಗೆ ಹೊರಗೆ ಬರುತ್ತೆ. ಟ್ಯಾಕ್ಸ್ ಆಫೀಸಿಂದ ಅಂತ ಫೋನ್ ಬಂತು, ಬಾಕಿ ಕಟ್ಟದಿದ್ರೆ ಈಗಲೇ ಅರೆಸ್ಟ್ ಅಂದ್ರು, ಅಂಗಡಿಗೆ ಹೋಗಿ ಗಿಫ್ಟ್ ಕಾರ್ಡ್ ತಗೊಂಡು ನಂಬರ್ ಓದಿ ಹೇಳು ಅಂದ್ರು, ಹೇಳಿಬಿಟ್ಟೆ ಅಂತಾರೆ. ನಂಬರ್ ಸಿಕ್ಕಿದ್ರೆ ಕಾರ್ಡಿನ ದುಡ್ಡು ಆ ಮೋಸಗಾರರ ಪಾಲು. ಈಗ ನಮ್ಮೂರಲ್ಲಿ ಡಿಜಿಟಲ್ ಅರೆಸ್ಟ್ ಅಂತ ನಡೀತಿದೆಯಲ್ಲ, ಅದರ ಅಣ್ಣ ಇದು. ದುಡ್ಡು ಹೋಗಿದ್ದಕ್ಕಿಂತ ಮಗನಿಗೆ ಸೊಸೆಗೆ ಗೊತ್ತಾದ್ರೆ ಅನ್ನೋ ಅಂಜಿಕೆನೇ ಜಾಸ್ತಿ. ಸ್ಟೇಷನ್‌ಗೆ ಅವರು ಜನ್ಮದಲ್ಲಿ ಕಾಲಿಡಲ್ಲ, ನಮ್ಮ ಕಡೆಯಿಂದ ಬಂದೋರಂತೂ ಸ್ಟೇಷನ್ ಮೆಟ್ಟಿಲು ಹತ್ತೋದೇ ಮರ್ಯಾದೆಗೇಡು ಅಂತ ಬೆಳೆದೋರು. ಯೂನಿಫಾರ್ಮ್ ಇಲ್ಲದ ಇನ್ನೊಬ್ಬ ಕಂದು ಮೈಬಣ್ಣದವನು, ಕೂತ್ಕೊಳ್ಳಿ ಅಂಕಲ್ ಅಂದ್ರೆ ಬಾಯಿ ಬಿಡ್ತಾರೆ. ನನ್ನ ಕನ್ನಡ ಅಲ್ಲಿ ಕೆಲಸಕ್ಕೆ ಬಂದಿದ್ದು ಕಮ್ಮಿ, ಹರಕುಮುರುಕು ಹಿಂದಿನೇ ಜಾಸ್ತಿ ಬಂದಿದೆ, ಪಂಜಾಬಿ ಗೊತ್ತಿದ್ದಿದ್ರೆ ಇನ್ನೂ ಚೆನ್ನಾಗಿತ್ತು.

ಇಂಥದ್ದು ಬೆಂಗಳೂರಲ್ಲಿ ಯಾಕಿಲ್ಲ ಅಂತ ಕೆಲವರು ಕೇಳ್ತಾರೆ. ಇಲ್ಲ ಅಂತಲ್ಲ, ಜನಾಗ್ರಹ ಅನ್ನೋ ಬೆಂಗಳೂರಿನ ಸಂಸ್ಥೆಯವರು 2013ರಲ್ಲಿ ಸಿಟಿ ಪೊಲೀಸರ ಜೊತೆ ಸೇರಿ ಏರಿಯಾ ಸುರಕ್ಷಾ ಮಿತ್ರ ಅಂತ ವಾಲಂಟಿಯರ್‌ಗಳನ್ನ ಮಾಡಿದ್ರು, ಕೇರಳದಲ್ಲಿ ಪೊಲೀಸರು ಜನರ ಜೊತೆ ಸೇರಿ ನಡೆಸೋ ಜನಮೈತ್ರಿ ಯೋಜನೆ 2008ರಿಂದ ಇದೆ. ನನ್ನ ಅನುಮಾನ ಏನಂದ್ರೆ ಪೊಲೀಸರ ಜೊತೆ ಓಡಾಡೋ ಅವಕಾಶ ಸಿಕ್ಕ ಕೂಡಲೇ ಏರಿಯಾದಲ್ಲಿ ದರ್ಬಾರ್ ಮಾಡೋಕೆ ಹೊರಡೋರು ನಮ್ಮಲ್ಲಿ ಸ್ವಲ್ಪ ಜಾಸ್ತಿ. ಇಲ್ಲೂ ಅಂಥೋರು ಬರ್ತಾರೆ, ಕಾರ್ ಒಳಗೆ ಇಣುಕೋ ಕೆಲಸ ಕೊಟ್ಟ ಮೇಲೆ ಎರಡನೇ ವಾರಕ್ಕೇ ನಾಪತ್ತೆ.

ಸೇರಬೇಕು ಅನ್ನೋರಿಗೆ: ಇಂಟರ್ವ್ಯೂ ಇರುತ್ತೆ, ಕ್ರಿಮಿನಲ್ ರೆಕಾರ್ಡ್ ಚೆಕ್ ಇರುತ್ತೆ, ಇಂತಿಷ್ಟು ತಿಂಗಳು ಬರ್ತೀನಿ ಅಂತ ಒಪ್ಕೋಬೇಕು. ಜಾಕೆಟ್ ಅವರೇ ಕೊಡ್ತಾರೆ. ನವೆಂಬರ್ ಮಳೆಗೆ ಪ್ಯಾಂಟು ಶೂ ಮಾತ್ರ ನಿಮ್ಮದೇ, ಒಳ್ಳೇದು ತಗೊಳ್ಳಿ.