ಮೃಗಶಿರಾ ಮಳೆಗೆ ಮುಂಚೆ ಹೆಡ್‌ಲೈಟ್ ಕೆಲಸ

ಮೇ ತಿಂಗಳ ಕೊನೆಯ ಭಾನುವಾರ. ಚಿಕ್ಕಮಗಳೂರಲ್ಲಿ ಮಧ್ಯಾಹ್ನ ಆಗುತ್ತಿದ್ದ ಹಾಗೆ ಮೋಡ ಕಟ್ಟುವ ದಿನಗಳು, ಹಾಗಾಗಿ ಬೆಳಿಗ್ಗೆ ತಿಂಡಿ ಮುಗಿದ ಕೂಡಲೇ ಎರ್ಟಿಗಾದ ಬಾನೆಟ್ ಎತ್ತಿದ್ದಾಯಿತು. ಹಿಂದಿನ ರಾತ್ರಿ ಮೂಡಿಗೆರೆ ಕಡೆಯಿಂದ ಬರುವಾಗ ಬಲಗಡೆ ದೀಪದ ಲೋ ಬೀಮ್, ಅಂದರೆ ಹತ್ತಿರದ ರಸ್ತೆಗೆ ಬೀಳುವ ತಗ್ಗಿನ ಬೆಳಕು, ಹೋಗಿತ್ತು. ಹೈ ಬೀಮ್ ಹಾಕಿದರೆ ಎರಡೂ ಸರಿಯಾಗಿ ಉರಿಯುತ್ತಿದ್ದವು. ಇಂಥ ಹೊತ್ತಲ್ಲೇ ಬಹಳ ಜನ "ಸದ್ಯಕ್ಕೆ ನಡೀತದೆ ಬಿಡು" ಅಂತ ಹೈ ಬೀಮಲ್ಲೇ ವಾರಗಟ್ಟಲೆ ಓಡಿಸಿಬಿಡುತ್ತಾರೆ. ಹಾಗೆ ಮಾಡಲೇಬಾರದು. ಎದುರಿನವನ ಕಣ್ಣು ಕುಕ್ಕುತ್ತದೆ, ಕೊಟ್ಟಿಗೆಹಾರದಂಥ ಕಡೆ ಮಂಜು ಇಳಿದರೆ ಅದೇ ಬೆಳಕು ಬಿಳಿ ಪರದೆ ಕಟ್ಟಿದ ಹಾಗೆ ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಅದರಲ್ಲೂ ಬಲಗಡೆಯದು ಹೋದರೆ ಅಪಾಯ ಜಾಸ್ತಿ. ಎಡಗಡೆ ದೀಪ ಒಂದೇ ಉರಿಯುತ್ತಿದ್ದರೆ ಎದುರಿನಿಂದ ಬರುವವನಿಗೆ ರಸ್ತೆಯ ಅಂಚಲ್ಲಿ ಬೈಕೊಂದು ಬರುತ್ತಿರುವ ಹಾಗೆ ಕಾಣುತ್ತದೆ. ಆ ಲೆಕ್ಕದಲ್ಲೇ ಅವನು ಜಾಗ ಬಿಡುತ್ತಾನೆ. ಐದಡಿಗೂ ಮಿಕ್ಕಿ ಅಗಲ ಇರುವ ಗಾಡಿ ಅಂತ ಗೊತ್ತಾಗುವಾಗ ತಿರುವು ಅರ್ಧ ಮುಗಿದಿರುತ್ತದೆ.

ಒಂದೇ ಬಲ್ಬಲ್ಲಿ ಲೋ ಹೋಗಿ ಹೈ ಉಳಿಯುವುದಕ್ಕೆ ಕಾರಣ ಇದೆ. ಮೊದಲ ತಲೆಮಾರಿನ ಎರ್ಟಿಗಾಕ್ಕೆ ಬರುವುದು ಎಚ್4 ಅನ್ನುವ ಹ್ಯಾಲೊಜೆನ್ ಬಲ್ಬು, 12 ವೋಲ್ಟ್, 60/55 ವ್ಯಾಟ್. ಅದರೊಳಗೆ ಎರಡು ಫಿಲಮೆಂಟ್: ಹೈ ಬೀಮಿಗೆ 60, ಲೋ ಬೀಮಿಗೆ 55. ಹಿಂದೆ ಮೂರು ಪಿನ್, ಅದರಲ್ಲಿ ಒಂದು ಎರಡಕ್ಕೂ ಕಾಮನ್. ಊರೊಳಗೂ ಹೊರಗೂ ಹೆಚ್ಚು ಉರಿಯುವುದು ಲೋ ಬೀಮ್ ಆದ್ದರಿಂದ ಮೊದಲು ಹೋಗುವುದೂ ಅದೇ. ಬೇರೆ ಗಾಡಿಯಾದರೆ ಬಲ್ಬಿನ ಬುಡದ ಲೋಹದ ಮೇಲೆ ಟೈಪ್ ಒತ್ತಿರುತ್ತಾರೆ, ಅದನ್ನು ಓದಿಕೊಂಡೇ ಅಂಗಡಿಗೆ ಹೋಗಬೇಕು.

ಬಲ್ಬು ತರುವ ಮೊದಲು ಫ್ಯೂಸ್ ನೋಡಿ. ಎಡ–ಬಲಕ್ಕೆ ಬೇರೆ ಬೇರೆ ಫ್ಯೂಸ್ ಇರುವ ಗಾಡಿಗಳೇ ಹೆಚ್ಚು. ಅದು ಸರಿ ಇದ್ದರೆ ಬಲ್ಬು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ ಕಥೆ ಅಲ್ಲೇ ತಿಳಿಯುತ್ತದೆ. ಫಿಲಮೆಂಟ್ ತುಂಡಾಗಿ ಗಾಜು ಸ್ವಚ್ಛವಾಗಿದ್ದರೆ ಆಯಸ್ಸು ಮುಗಿದಿದೆ ಅಥವಾ ಕುಲುಕಾಟಕ್ಕೆ ಹೋಗಿದೆ. ಗಾಜಿನ ಒಳಗೆ ಬಿಳಿ ಪುಡಿ ಹಿಡಿದಂತಿದ್ದರೆ ಎಲ್ಲೋ ಬಿರುಕು ಬಿಟ್ಟು ಗಾಳಿ ಹೊಕ್ಕಿದೆ. ಹೊಸ ಬಲ್ಬು ಪದೇ ಪದೇ ಹೋಗುತ್ತಿದ್ದರೆ ಬಲ್ಬನ್ನು ಬೈದು ಉಪಯೋಗವಿಲ್ಲ, ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ವೋಲ್ಟ್ ಅಳೆಯುವ ಮೀಟರ್ ಇಡಿ. 14.5 ವೋಲ್ಟಿನ ಒಳಗಿದ್ದರೆ ಸರಿ. 15 ದಾಟಿದರೆ ಆಲ್ಟರ್ನೇಟರಿನ (ಗಾಡಿಗೆ ಕರೆಂಟು ಕೊಡುವ ಯಂತ್ರದ) ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ವೋಲ್ಟೇಜ್ ಶೇಕಡಾ 5ರಷ್ಟು ಏರಿದರೂ ಬಲ್ಬಿನ ಆಯಸ್ಸು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ತರುವುದು ಎರಡು ಬಲ್ಬು. ಎರಡೂ ಒಂದೇ ದಿನ ಹಾಕಿದವು, ಸಮಸಮವಾಗಿ ಉರಿದವು, ಒಂದು ಹೋದ ಮೇಲೆ ಇನ್ನೊಂದಕ್ಕೂ ಹೆಚ್ಚು ದಿನ ಇರುವುದಿಲ್ಲ. ಇನ್ನೂ ಉರಿಯುವ ಹಳೆಯದನ್ನು ಎಸೆಯದೆ ಹೊಸದರ ಡಬ್ಬಿಯಲ್ಲೇ ಹಾಕಿ ಗ್ಲೋವ್ ಬಾಕ್ಸಿನಲ್ಲಿಟ್ಟರೆ ಚಾರ್ಮಾಡಿಯಲ್ಲಿ ಒಂದು ರಾತ್ರಿ ಕೈ ಹಿಡಿಯುತ್ತದೆ.

ಕೆಲಸಕ್ಕೆ ಇಳಿಯುವಾಗ ಲೈಟ್ ಆಫ್, ಕೀ ಹೊರಗೆ. ಈಗಷ್ಟೇ ಉರಿದ ಬಲ್ಬಾದರೆ ಹತ್ತು ಹದಿನೈದು ನಿಮಿಷ ಬಿಡಬೇಕು, ಗಾಜಿನ ಮೈ ಮುಟ್ಟುವಂತಿರುವುದಿಲ್ಲ. ಮೊದಲು ಕಪ್ಲರ್, ಅಂದರೆ ಬಲ್ಬಿನ ಪಿನ್ನುಗಳಿಗೆ ಸಿಕ್ಕಿಸಿರುವ ವೈರಿನ ಪ್ಲಾಸ್ಟಿಕ್ ತುದಿ, ಎಳೆಯಬೇಕು. ವೈರ್ ಹಿಡಿದು ಜಗ್ಗದೆ ಪ್ಲಾಸ್ಟಿಕ್ ಹಿಡಿದು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಿದರೆ ಬರುತ್ತದೆ. ಆಮೇಲೆ ದೀಪದ ಹಿಂಬದಿ ಮುಚ್ಚುವ ರಬ್ಬರ್ ಬೂಟನ್ನು ಕಿವಿಯಂಥ ಅಂಚು ಹಿಡಿದು ಬಿಡಿಸುವುದು. ಅದರ ಕೆಳಗೆ ತಂತಿಯ ಸ್ಪ್ರಿಂಗ್ ಕ್ಲಿಪ್. ಒಂದು ತುದಿಯನ್ನು ಒಳಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಕೊಕ್ಕೆಯಿಂದ ಬಿಡುತ್ತದೆ. ಬಿಡುವಾಗ ಇನ್ನೊಂದು ಕೈಯ ಬೆರಳು ಅದರ ಮೇಲಿರಲಿ. ಚಿಮ್ಮಿ ಎಂಜಿನ್ ಸಂದಿಗೆ ಬಿದ್ದರೆ ಅರ್ಧ ದಿನ ಹುಡುಕಬೇಕಾದೀತು. ಬ್ಯಾಟರಿ ಕೂತಿರುವ ಬದಿಯಲ್ಲಿ ಕೈ ಹೋಗುವುದೇ ಕಷ್ಟ, ಕಣ್ಣಿಗಂತೂ ಏನೂ ಕಾಣದು. ಅದಕ್ಕೆ ಸಲೀಸಾದ ಬದಿಯನ್ನು ಮೊದಲು ಮಾಡಿ, ಕ್ಲಿಪ್ ಯಾವ ಕಡೆಗೆ ಬಿಡುತ್ತದೆ ಅಂತ ಬೆರಳಿಗೆ ರೂಢಿ ಮಾಡಿಕೊಂಡು ಆಮೇಲೆ ಈ ಬದಿಗೆ ಬರಬೇಕು. ಮೊಬೈಲ್ ಕ್ಯಾಮೆರಾ ಇಳಿಬಿಟ್ಟು ಒಂದು ಫೋಟೋ ತೆಗೆದುಕೊಂಡರೂ ಆಗುತ್ತದೆ.

ಅವತ್ತು ತೊಂದರೆ ಸಿಕ್ಕಿದ್ದು ಬಲಗಡೆಯ ಕಪ್ಲರಲ್ಲಿ. ಒಂದು ಪಿನ್ ಕೂರುವ ಜಾಗದಲ್ಲಿ ಪ್ಲಾಸ್ಟಿಕ್ ಬೆಲ್ಲದ ಬಣ್ಣಕ್ಕೆ ತಿರುಗಿ ಅಂಚು ಉಬ್ಬಿತ್ತು. ಒಳಗಿನ ಹಿತ್ತಾಳೆ ಹಿಡಿ ಸಡಿಲವಾದಾಗ ಆಗುವುದು ಹೀಗೆಯೇ. ಸಡಿಲವಾದ ಕಡೆ ರೆಸಿಸ್ಟೆನ್ಸ್, ರೆಸಿಸ್ಟೆನ್ಸ್ ಇದ್ದ ಕಡೆ ಬಿಸಿ, ಬಿಸಿಗೆ ಹಿಡಿ ಇನ್ನಷ್ಟು ಸಡಿಲ. ಇದನ್ನು ಹಾಗೇ ಬಿಟ್ಟು ಹೊಸ ಬಲ್ಬು ಸಿಕ್ಕಿಸಿದರೆ ಬಲ್ಬಿಗೆ ಸೇರಬೇಕಾದ ವೋಲ್ಟೇಜು ದಾರಿಯಲ್ಲೇ ಸೋರುತ್ತದೆ. ವೋಲ್ಟೇಜು ಶೇಕಡಾ 10 ಕಡಿಮೆಯಾದರೆ ಬೆಳಕು ಶೇಕಡಾ 30ರಷ್ಟು ಕಡಿಮೆಯಾಗುತ್ತದೆ. "ಲೈಟೇ ಸಾಲಲ್ಲ" ಅನ್ನುವ ಎಷ್ಟೋ ಗಾಡಿಗಳ ರೋಗ ಇಷ್ಟೇ. ಅಳೆಯುವಾಗ ಬಲ್ಬು ಸಿಕ್ಕಿಸಿ, ಉರಿಸಿಟ್ಟುಕೊಂಡೇ ಕಪ್ಲರಿನ ಹಿಂಬದಿಯಿಂದ ಮೀಟರಿನ ವೈರುಗಳ ಚೂಪು ತುದಿ ಹಿಡಿಯಬೇಕು. ಖಾಲಿ ಕಪ್ಲರ್ ಅಳೆದರೆ ಪೂರ್ತಿ ವೋಲ್ಟೇಜೇ ತೋರಿಸಿ ಮೋಸ ಮಾಡುತ್ತದೆ. ಬ್ಯಾಟರಿಗೂ ಅಲ್ಲಿಗೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಹುಡುಕಲೇಬೇಕು.

ಆಟೋ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಗಿಡ್ಡ ವೈರ್ ಸಮೇತ ಎಚ್4 ಸೆರಾಮಿಕ್ ಹೋಲ್ಡರ್ ಸಿಗುತ್ತದೆ, ಅದೇ ಹಾಕಿದ್ದು. ಹಳೆಯದನ್ನು ಕತ್ತರಿಸುವ ಮೊದಲು ಯಾವ ವೈರ್ ಯಾವ ಪಿನ್ನಿಗೆ ಅಂತ ಬರೆದಿಟ್ಟುಕೊಳ್ಳಬೇಕು, ಹೊಸ ಹೋಲ್ಡರಿನ ಬಣ್ಣಗಳನ್ನು ನಂಬಬಾರದು. ಬೆಸುಗೆ ಹಾಕಿ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ವೈರಿಗೆ ಬಿಗಿಯುವ ಕೊಳವೆ) ತೊಡಿಸಬೇಕು. ಬರೀ ಟೇಪ್ ಸುತ್ತಿದರೆ ಮಲೆನಾಡಿನ ಥಂಡಿಗೆ ಎರಡು ಮಳೆಗಾಲದಲ್ಲಿ ತಾಮ್ರ ಹಸಿರಾಗುತ್ತದೆ. ಜೋಡಿಸಿದ ಮೇಲೆ ದೀಪ ಕೆಂಪಗೆ ಮಂಕಾಗಿ ಉರಿದರೆ ಕಾಮನ್ ಪಿನ್ ಅದಲುಬದಲಾಗಿದೆ ಎಂದರ್ಥ, ಕರೆಂಟು ಎರಡು ಫಿಲಮೆಂಟುಗಳನ್ನೂ ಸುತ್ತಿ ಬರುತ್ತಿರುತ್ತದೆ.

ಹೊಸ ಬಲ್ಬನ್ನು ಬುಡದ ಲೋಹದಲ್ಲಿ ಮಾತ್ರ ಹಿಡಿಯಿರಿ, ಗಾಜು ಮುಟ್ಟಬೇಡಿ. ಹ್ಯಾಲೊಜೆನ್ ಕೆಲಸ ಮಾಡಬೇಕಾದರೆ ಗಾಜಿನ ಮೈ 250 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಆಗಲೇ ಫಿಲಮೆಂಟಿಂದ ಆವಿಯಾದ ಟಂಗ್‌ಸ್ಟನ್ ಗಾಜಿಗೆ ಅಂಟದೆ ಮತ್ತೆ ಫಿಲಮೆಂಟಿಗೆ ಮರಳುತ್ತದೆ. ಅಷ್ಟು ಬಿಸಿಯಲ್ಲಿ ಬೆರಳಿನ ಎಣ್ಣೆ, ಬೆವರಿನ ಉಪ್ಪು ಕ್ವಾರ್ಟ್ಜ್ ಗಾಜನ್ನು ಕೆಡಿಸಿ ಮಂಕಾದ ಕಲೆ ಕೂರಿಸುತ್ತವೆ, ಗಾಜು ಬಿರಿಯುವುದು ಅಲ್ಲಿಂದಲೇ. ಮುಟ್ಟಿಬಿಟ್ಟರೆ ಸ್ಪಿರಿಟ್‌ನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ.

ಹಾಕುವ ಮೊದಲು ಒಂದು ಕ್ಷಣ ಬಲ್ಬನ್ನು ಹತ್ತಿರದಿಂದ ನೋಡಬೇಕು. ಮುಂದಿನ ಫಿಲಮೆಂಟಿನ ಕೆಳಗೆ ಉಗುರಿನ ತುದಿಯಷ್ಟು ಪುಟ್ಟ ಲೋಹದ ದೊನ್ನೆ ಇದೆ. ಆ ಫಿಲಮೆಂಟೇ ಲೋ ಬೀಮಿನದು. ಆ ದೊನ್ನೆ ಕೆಳಗೆ ಹೋಗುವ ಬೆಳಕನ್ನು ತಡೆದು ರಿಫ್ಲೆಕ್ಟರಿನ (ದೀಪದೊಳಗಿನ ಕನ್ನಡಿಯಂಥ ಬಟ್ಟಲಿನ) ಮೇಲರ್ಧಕ್ಕೆ ಮಾತ್ರ ಕಳಿಸುತ್ತದೆ, ಮೇಲರ್ಧ ಅದನ್ನು ರಸ್ತೆಗೆ ಬಗ್ಗಿಸುತ್ತದೆ. ದೊನ್ನೆಯ ಒಂದು ಅಂಚನ್ನು ಓರೆ ಮಾಡಿರುವುದರಿಂದ ನಮ್ಮ ಎಡಬದಿಗೆ, ಜನ ನಡೆಯುವ ಕಡೆಗೆ, ಬೆಳಕಿನ ಅಂಚು 15 ಡಿಗ್ರಿ ಓರೆಯಾಗಿ ಮೇಲೇರುತ್ತದೆ. ಬಲಕ್ಕೆ, ಎದುರು ಗಾಡಿಯ ಕಡೆಗೆ, ಮಟ್ಟಸವಾಗಿ ನಿಲ್ಲುತ್ತದೆ. ಇದೆಲ್ಲ ನಡೆಯುವುದು ಬಲ್ಬು ತನ್ನ ಗೂಡಿನಲ್ಲಿ ನೇರವಾಗಿ ಕೂತರೆ ಮಾತ್ರ. ಬುಡದ ಮೂರು ಕಿವಿಗಳಲ್ಲಿ ಅಗಲವಾದದ್ದು ಮೇಲಕ್ಕೆ ಬಂದು ಮೂರೂ ತಮ್ಮ ತಮ್ಮ ಕಚ್ಚಿಗೆ ಇಳಿಯಬೇಕು. ಕೂತಾಗ ಬಲ್ಬು ತಿರುಗುವುದಿಲ್ಲ, ಅಲುಗುವುದಿಲ್ಲ. ಕ್ಲಿಪ್ ಬಲವಂತಕ್ಕೆ ಸಿಕ್ಕಿಕೊಂಡರೆ ಬಲ್ಬು ವಾರೆಯಾಗಿದೆ, ತೆಗೆದು ಮತ್ತೆ ಕೂರಿಸಿ. ಆಮೇಲೆ ರಬ್ಬರ್ ಬೂಟನ್ನು ಸುತ್ತಲೂ ಬೆರಳಾಡಿಸಿ ಒತ್ತಬೇಕು. ಒಂದು ಕಡೆ ಬಾಯಿ ಬಿಟ್ಟಿದ್ದರೂ ಸಾಕು, ಮೊದಲ ಮಳೆಗೇ ಗಾಜಿನೊಳಗೆ ಹನಿ ಕಟ್ಟಿ, ರಿಫ್ಲೆಕ್ಟರಿನ ಹೊಳಪು ಎದ್ದು ಹೋಗುತ್ತದೆ. ಅದಕ್ಕೆ ಪಾಲಿಶ್ ಇಲ್ಲ, ಇಡೀ ಲ್ಯಾಂಪೇ ಬದಲಿಸಬೇಕು.

100/90 ವ್ಯಾಟಿನ ಬಲ್ಬು ಹಾಕೋಣವೇ ಅಂತ ಮನೆಯಲ್ಲಿ ಮಾತು ಬಂತು. ಬೇಡ. 60 ವ್ಯಾಟಿನ ಬಲ್ಬು 12 ವೋಲ್ಟಲ್ಲಿ ಎಳೆಯುವುದು 5 ಆಂಪಿಯರ್, 100 ವ್ಯಾಟಿನದು 8.3. ಕಪ್ಲರ್ ಬೆಲ್ಲದ ಬಣ್ಣಕ್ಕೆ ತಿರುಗಿದ್ದು 60ರಲ್ಲೇ. ಎಚ್4 ಗೂಡಿಗೆ ಸಿಕ್ಕಿಸುವ ಎಲ್‌ಇಡಿಯೂ ಅಷ್ಟೇ: ಬೆಳಕು ಹುಟ್ಟುವ ಜಾಗ ಫಿಲಮೆಂಟಿನ ಜಾಗಕ್ಕೆ ಕೂದಲೆಳೆ ತಪ್ಪಿದರೂ ಕಿರಣ ಚೆಲ್ಲಾಪಿಲ್ಲಿಯಾಗುತ್ತದೆ. ನಿಂತು ನೋಡಿದರೆ ಝಗಮಗ, ತಿರುವಲ್ಲಿ ರಸ್ತೆಯ ಅಂಚು ಕಾಣದು.

ಸಂಜೆ ಕತ್ತಲಾಗುವ ಹೊತ್ತಿಗೆ ಗೋಡೆಯ ಮುಂದೆ ನಿಲ್ಲಿಸಿ ನೋಡುವುದು ಬಾಕಿ. ನಮ್ಮೂರಲ್ಲಿ ಸಮತಟ್ಟಾದ ಜಾಗ ಸಿಗುವುದೇ ಈ ಕೆಲಸದ ದೊಡ್ಡ ಕಷ್ಟ. ಗಾರೆಯವರು ಮಟ್ಟ ನೋಡುವ ನೀರಿನ ಪೈಪು ಇದ್ದರೆ ಒಂದು ತುದಿ ದೀಪದ ನಡುವಿಗೆ, ಇನ್ನೊಂದು ಗೋಡೆಗೆ ಹಿಡಿದು ಗುರುತು ಹಾಕಿ. ಟೇಪಿನಲ್ಲಿ ನೆಲದಿಂದ ಅಳೆದ ಗುರುತಿಗೂ ಇದಕ್ಕೂ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬೇರೆ ಜಾಗ ನೋಡಿ. ಟೈರಿನ ಗಾಳಿ ಸರಿ ಇರಬೇಕು, ಡ್ರೈವರ್ ಸೀಟಲ್ಲಿ ಒಬ್ಬರು ಕೂತಿರಬೇಕು, ಬೆಳಕನ್ನು ಏರಿಸಿ ಇಳಿಸುವ ಲೆವೆಲಿಂಗ್ ಗುಂಡಿ ಸೊನ್ನೆಯಲ್ಲಿರಬೇಕು. ಗೋಡೆಯಿಂದ 5 ಮೀಟರ್ ದೂರದಲ್ಲಿ ಲೋ ಬೀಮಿನ ಮಟ್ಟಸ ಅಂಚು ದೀಪದ ನಡುವಿಗಿಂತ 5 ಸೆಂಟಿಮೀಟರ್ ಕೆಳಗೆ ಬೀಳಬೇಕು, ಅಂದರೆ ನೂರಕ್ಕೆ ಒಂದು ಇಳಿಜಾರು. ದೀಪ ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಬೆಳಕಿನ ಅಂಚು 70 ಮೀಟರ್ ದೂರದಲ್ಲಿ ರಸ್ತೆ ಮುಟ್ಟುತ್ತದೆ. ಹೆಚ್ಚು ಕಡಿಮೆ ಇದ್ದರೆ ಲ್ಯಾಂಪಿನ ಹಿಂದಿನ ಸ್ಕ್ರೂವನ್ನು ಅರ್ಧರ್ಧ ಸುತ್ತು ತಿರುಗಿಸಿ ನೋಡುತ್ತಾ ಹೋಗುವುದು. ಒಂದು ದೀಪ ಸರಿಪಡಿಸುವಾಗ ಇನ್ನೊಂದರ ಮೇಲೆ ಗೋಣಿಚೀಲ ಹೊದಿಸಿಡಿ.

ಹೊರನಾಡಿಗೆ ಏಳು ಜನ ಹೊರಟು ಹಿಂದೆ ಚೀಲಗಳನ್ನೂ ತುಂಬಿದ ದಿನ ಗಾಡಿಯ ಹಿಂಭಾಗ ಕುಗ್ಗಿ ಮೂತಿ ಮೇಲೇಳುತ್ತದೆ, ಗೋಡೆಯ ಮುಂದೆ ಮಾಡಿದ ಲೆಕ್ಕವೆಲ್ಲ ಅಷ್ಟಷ್ಟೇ ಮೇಲಕ್ಕೆ ಹೋಗುತ್ತದೆ. ಆವತ್ತು ಸ್ಕ್ರೂ ಮುಟ್ಟಬೇಡಿ. ಲೆವೆಲಿಂಗ್ ಗುಂಡಿಯನ್ನು ಸೊನ್ನೆಯಿಂದ ಮುಂದಿನ ಅಂಕಿಗಳಿಗೆ ತಿರುಗಿಸಿ, ಬೆಳಕು ಮತ್ತೆ ರಸ್ತೆಗೆ ಇಳಿಯುವ ತನಕ.