ಎಂಟರ ಮಗುವಿಗೂ ಎಪ್ಪತ್ತರ ಅಜ್ಜಿಗೂ ಒಂದೇ ಮಣ್ಣಿನ ಉಂಡೆ

ಎಲ್ಲ ವಯಸ್ಸಿನವರು ಒಟ್ಟಿಗೆ ಕಲಿಯುವ ಕಲಾ ತರಗತಿಯನ್ನು ಜೇಡಿಮಣ್ಣಿನಿಂದಲೇ ಶುರು ಮಾಡಿ. ಚಿತ್ರ ಬರೆಯಿರಿ ಅಂದರೆ ದೊಡ್ಡವರು ‘ನಂಗೆ ಬರಲ್ಲ’ ಅಂತ ಹಿಂದೆ ಸರಿಯುತ್ತಾರೆ. ಮಣ್ಣು ಕೊಟ್ಟರೆ ಬೆರಳು ತಾನಾಗಿ ಒತ್ತತೊಡಗುತ್ತದೆ.

ಮೊದಲು ಒಂದು ಬಟ್ಟಲು ಮಾಡಿಸಿ; ಒಬ್ಬರಿಗೆ 300 ಗ್ರಾಂ ಮಣ್ಣು ಸಾಕು. ನಾದಿ ಉಂಡೆ ಮಾಡಿ, ನಡುವೆ ಹೆಬ್ಬೆರಳು ಇಳಿಸಿ, ತಳದಲ್ಲಿ 1 ಸೆಂಟಿಮೀಟರ್ ಉಳಿಸಿ. ಉಂಡೆಯನ್ನು ತಿರುಗಿಸುತ್ತಾ ಗೋಡೆಯನ್ನು ಚಿವುಟಿ ಮೇಲೆತ್ತಿ. ದಪ್ಪ 6ರಿಂದ 8 ಮಿಲಿಮೀಟರ್ ಇರಲಿ. ಅಂಚು ಬಿರಿಯಿತೆಂದು ಎಲ್ಲರೂ ನೀರು ಸುರಿಯುತ್ತಾರೆ. ನೀರು ಕುಡಿದ ಗೋಡೆ ಕುಸಿಯುತ್ತದೆ; ಒದ್ದೆ ಬೆರಳಿನಿಂದ ಒಮ್ಮೆ ಸವರಿದರೆ ಸಾಕು.

ಹಿಡಿ ಅಂಟಿಸುವಾಗ ಎರಡೂ ಕಡೆ ಗೀರು ಹಾಕಿ, ಮಣ್ಣಿನ ರಾಡಿ ಸವರಿ ಒತ್ತಿ. ಬರೀ ಒತ್ತಿದ್ದು ಒಣಗಿದಾಗ ಕಳಚುತ್ತದೆ. ಪ್ಲಾಸ್ಟಿಕ್ ಸಡಿಲವಾಗಿ ಹೊದಿಸಿ, ನೆರಳಲ್ಲಿ ಒಂದು ವಾರ ಬಿಡಿ. ಒಳಗೆ ತೇವ ಉಳಿದರೆ ಬಟ್ಟಲು ಸುಡುವ ಗೂಡಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವಾಗ ಅದು ಆವಿಯಾಗಿ ಬಟ್ಟಲು ಸಿಡಿಯುತ್ತದೆ, ಪಕ್ಕದವರದ್ದನ್ನೂ ಒಡೆಯುತ್ತದೆ.

ಬೆರಳ ಗಂಟು ನೋಯುವವರಿಗೆ ಮಣ್ಣು ಇನ್ನಷ್ಟು ಮೆದುವಾಗಿರಲಿ. ಕಲಿಸುವವರು ಕಲಿಯುವವರ ಬಟ್ಟಲನ್ನು ಕಿತ್ತುಕೊಂಡು ‘ಸರಿಮಾಡುವ’ ಚಾಳಿ ಬಿಡಬೇಕು. ತೋರಿಸುವುದಿದ್ದರೆ ತಮ್ಮ ಉಂಡೆಯಲ್ಲೇ ತೋರಿಸಲಿ.

ಹಾಂ, ಕೊನೆಗೆ ಪೊರಕೆ ಬೇಡ. ಒಣ ಮಣ್ಣಿನ ದೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದಲೇ ಒರೆಸಿ.