ಕೊಂದಾಕಿ ಅಂದ್ರ ಅಂಜ್ತಾರ

ಈ ಭಾನುವಾರ ರೊಟ್ಟಿ ತರಲು ಕಲಬುರಗಿಯ ಬ್ರಹ್ಮಪುರಕ್ಕೆ ಹೋದಾಗ ಕಂಕುಳಲ್ಲಿ ಪುಸ್ತಕವಿತ್ತು. "ಏನ್ ಕತಿರೀ ಅಕ್ಕೋರ?" ಅಂದರು ರೊಟ್ಟಿ ಬಡಿಯುವ ಸಂಘದವರು.

ಪರೀನಿ ಶ್ರಾಫ್ ಅವರ 'ದಿ ಬ್ಯಾಂಡಿಟ್ ಕ್ವೀನ್ಸ್', 2023ರ ಇಂಗ್ಲಿಷ್ ಕಾದಂಬರಿ. ಗುಜರಾತಿನ ಹಳ್ಳಿಯ ಗೀತಾ ಗಂಡನನ್ನು ಕೊಂದಿದ್ದಾಳೆ ಅಂತ ಊರೆಲ್ಲ ನಂಬಿದೆ. ಅವನು ಬಿಟ್ಟು ಓಡಿ ಐದು ವರ್ಷ. ಇವಳು ಆ ಸುದ್ದಿ ತಿದ್ದಲು ಹೋಗಿಲ್ಲ. ಹೊಟ್ಟೆಪಾಡಿಗೆ ಮಾಡುವುದು ಮಂಗಳಸೂತ್ರ! ಒಂದು ದಿನ ಅವಳ ಸಾಲದ ಗುಂಪಿನ ಫರಾ ಬಂದು, ನನ್ನ ಗಂಡನನ್ನೂ ಮುಗಿಸಲು ಸಹಾಯ ಮಾಡು ಅನ್ನುತ್ತಾಳೆ.

ಇಷ್ಟು ಹೇಳುವಷ್ಟರಲ್ಲಿ ದೊಡ್ಡವ್ವ ಶುರು ಮಾಡಿದಳು: "ಅಕಿ ಶ್ಯಾಣ್ಯಾಕಿ ಬಿಡ್ರಿ. ಓಡಿಹೋದಂವನ ಹೇಂತಿ ಅಂದ್ರ ಮಂದಿ ನಗ್ತಾರ, ಕೊಂದಾಕಿ ಅಂದ್ರ ಅಂಜ್ತಾರ."

ಪಕ್ಕದ ಒಲೆಯವಳ ಕೈ ನಿಂತಿತು. ಪರಾತದಲ್ಲಿ ಅರ್ಧ ಹಿಗ್ಗಿದ ರೊಟ್ಟಿಯ ಅಂಚು ಸೀಳಿತು. ಅವಳ ಗಂಡ ಪುಣೆಗೆ ದುಡಿಯಲು ಹೋದವನು. ಪ್ರತಿ ವಾರ ಇವರೆಲ್ಲ "ಫೋನ್ ಬಂತೇನಬೇ?" ಅಂತಾರೆ, ಅವಳು "ಹಬ್ಬಕ್ಕ ಬರ್ತಾನಂತ" ಅಂತಾಳೆ. ಯಾವ ಹಬ್ಬ ಅಂತ ಯಾರೂ ಕೇಳುವುದಿಲ್ಲ.

ದೊಡ್ಡವ್ವ ಮಾತು ಸಾವರಿಸಿದಳು: "ಇಕಿ ಗಂಡ ಪುಣೇದಾಗ ಹಾನ. ಅದು ಬ್ಯಾರೇ."

"ಹೌದ್ಹೌದು, ಅದು ಬ್ಯಾರೇ," ಅಂದರು ಎಲ್ಲರೂ. ಆಮೇಲೆ ಮೊದಲು ನಕ್ಕವಳು ಅವಳೇ: "ನಾನೂ ಕೊಂದೀನಿ ಅಂತ ಹೇಳ್ಬೇಕಿತ್ತಲ್ಲಬೇ, ಬಾಡಿಗಿ ಮನಿ ಮಾಲಕ ಅಂಜ್ತಿದ್ದ!"

ನಗುವಿಗೆ ಒಂದು ರೊಟ್ಟಿ ಹೆಂಚಿನ ಮೇಲೆ ಸೀದೇ ಹೋಯಿತು.

ಕಾದಂಬರಿಯ ಜೋಕುಗಳು ಕೆಲವು ಕಡೆ ಹಳ್ಳಿಯ ಬಾಯಿಗೆ ಒಗ್ಗುವುದಿಲ್ಲ, ಕೊಲೆಗಳೂ ಸಲೀಸು. ಆದರೆ ಸಾಲದ ಲೆಕ್ಕ ಮಾತ್ರ ಪಕ್ಕಾ. ಕೊಲೆಯ ಮಾತು ಹುಟ್ಟುವುದೇ ಕಂತಿನಿಂದ: ಫರಾಳ ದುಡ್ಡನ್ನು ಗಂಡ ಕುಡಿದರೆ ಇಡೀ ಗುಂಪು ಸಿಕ್ಕಿಬೀಳುತ್ತದೆ. ನಮ್ಮಲ್ಲೂ ಗುಂಪು ಸಾಲ ಅಂದರೆ ಅಷ್ಟೇ, ಒಬ್ಬಳು ತಪ್ಪಿಸಿದರೆ ಉಳಿದವರು ತುಂಬಬೇಕು. ಹಾಗಾಗಿ ಯಾರ ಗಂಡ ಕುಡಿಯುತ್ತಾನೆ, ಯಾರ ಬೆಂಡೋಲಿ ಅಡವಿದೆ, ಯಾರ ಪುಣೆಯ ಫೋನು ಬರುವುದೇ ಇಲ್ಲ, ಎಲ್ಲರಿಗೂ ಗೊತ್ತಿರಲೇಬೇಕು. ಸಾಲ ಕೊಡುವವರು ಇದಕ್ಕೆ ಪರಸ್ಪರ ಜಾಮೀನು ಅಂತಾರೆ. ಗೊತ್ತಿದ್ದೂ "ಫೋನ್ ಬಂತೇನಬೇ?" ಅನ್ನುವುದು ಅವರ ಯಾವ ಫಾರಂನಲ್ಲೂ ಇಲ್ಲ. ಅದು ಇವರದೇ ಜಾಣತನ, ನನಗೆ ಕೊಲೆಗಿಂತ ಅದೇ ದೊಡ್ಡದು.

ಕತೆ ಪೂರ್ತಿ ಹೇಳಿದೆ. ಯಾರ ಗಂಡ ಸತ್ತ ಅಂತ ಒಬ್ಬರೂ ವಿಚಾರಿಸಲಿಲ್ಲ. "ಅಲ್ರೀ ಅಕ್ಕೋರ," ಅಂದಳು ದೊಡ್ಡವ್ವ, "ಆ ಫರಾನ ಕಂತು ಕಡೀಕ ಯಾರ್ ತುಂಬಿದ್ರು?"